ಯಂತ್ರಗಳಿಗೂ ವೈದ್ಯರು ಬೇಕು

ಕನ್ನಡ ಎಂ.ಎ. ಓದಿ, ಹಳಗನ್ನಡ ಪಾಠ ಹೇಳುತ್ತ ಆಯುಷ್ಯ ಕಳೆದವನಿಗೆ ಆಸ್ಪತ್ರೆಯ ಯಂತ್ರಗಳ ಗೊಡವೆ ಏತಕ್ಕೆಂದು ಶ್ರೋತೃಗಳು ಕೇಳಬಹುದು. ನಿವೃತ್ತಿಯ ತರುವಾಯ, ವೈದ್ಯಕೀಯ ಉಪಕರಣಗಳ ದುರಸ್ತಿಯನ್ನು ಕಲಿಸುವ ಸಂಸ್ಥೆಯೊಂದು ತನ್ನ ವಿದ್ಯಾರ್ಥಿಗಳಿಗೆ ವರದಿ ಬರೆಯುವುದನ್ನು ಹೇಳಿಕೊಡಲು ನನ್ನನ್ನು ಕರೆಯಿತು. ಅದೇ ನನಗಿರುವ ಅಧಿಕಾರ.

ಕಾಮಾಲೆಯಾದ ಹಸುಗೂಸನ್ನು ನೀಲಿ ಬೆಳಕಿನಡಿ ಮಲಗಿಸುವುದನ್ನು ತಾವು ಕಂಡಿರಬಹುದು. ದೀಪ ಹಳತಾದರೂ ಉರಿಯುತ್ತದೆ, ಕಣ್ಣಿಗೆ ನೀಲಿಯಾಗಿಯೇ ತೋರುತ್ತದೆ. ಆದರೆ ಗುಣ ಕೊಡುವ, 460ರಿಂದ 490 ನ್ಯಾನೊಮೀಟರಿನ ಕಿರಣಗಳ ಬಲ ಕುಂದಿರುತ್ತದೆ. ಮೀಟರು ಹಿಡಿದು ಅಳೆದವನಿಗಲ್ಲದೆ ಅದು ತಿಳಿಯದು. ಮಗುವನ್ನು ಬೆಚ್ಚಗಿಡುವ ವಾರ್ಮರಿನ ಸಂಗತಿ ಇನ್ನೂ ಘೋರ. ಚರ್ಮಕ್ಕೆ ಅಂಟಿಸಿದ ಪ್ರೋಬು ಕಳಚಿ ಬಿದ್ದರೆ ಯಂತ್ರವು ಕೋಣೆಯ ತಂಪನ್ನೇ ಮಗುವಿನ ಮೈಯೆಂದು ಬಗೆದು ಶಾಖವನ್ನು ಏರಿಸುತ್ತ ಹೋಗುತ್ತದೆ. ಆಗ ಎಚ್ಚರಿಕೆಯ ಗಂಟೆಯೂ ಕೆಟ್ಟಿದ್ದರೆ?

ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ, 2015ರ ಸುಮಾರಿಗೆ, ಸರ್ಕಾರಿ ಆಸ್ಪತ್ರೆಗಳ ಉಪಕರಣಗಳ ಎಣಿಕೆ ನಡೆಯಿತು. 29,115 ಕೇಂದ್ರಗಳಲ್ಲಿ 7,56,750 ಉಪಕರಣಗಳು. ಅವುಗಳಲ್ಲಿ, ಬೇರೆಬೇರೆ ರಾಜ್ಯಗಳಲ್ಲಿ, ಶೇಕಡ 13ರಿಂದ 34ರಷ್ಟು ಕೆಲಸ ಮಾಡುತ್ತಿರಲಿಲ್ಲ. ಕೊಳ್ಳುವುದಕ್ಕೆ ಹಣವಿತ್ತು, ನೋಡಿಕೊಳ್ಳುವುದಕ್ಕೆ ಕೈಗಳಿರಲಿಲ್ಲ.

ಆ ಕೈಗಳನ್ನು ನಾವು ಹೇಗೆ ಸಿದ್ಧಗೊಳಿಸುತ್ತಿದ್ದೇವೆ? ನಾನು ಹೋದ ಸಂಸ್ಥೆಯಲ್ಲಿ ಒಂದು ವಾರ್ಮರು ಇತ್ತು; ಹೊದಿಕೆ ಹೊದ್ದು ಮೂಲೆಯಲ್ಲಿ ನಿಂತಿತ್ತು. ತಪಾಸಣೆಗೆ ಬಂದವರಿಗೆ ಮಾತ್ರ ಅದರ ದರ್ಶನ. ವಿದ್ಯಾರ್ಥಿಗಳು ಕಾಗದದ ಮೇಲೆ ಸರ್ಕ್ಯೂಟು ಬಿಡಿಸುತ್ತಿದ್ದರು, ಸ್ಕ್ರೂ ಬಿಚ್ಚಿದವರು ವಿರಳ. ಬಿಚ್ಚುವುದಕ್ಕೂ ಮೊದಲು ಕೇಳುವುದನ್ನು ಕಲಿಯಬೇಕಲ್ಲವೆ? ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅರ್ತಿಂಗ್ ಸರಿಯಿಲ್ಲದಿದ್ದರೆ, ಇಲ್ಲವೆ ಎಲೆಕ್ಟ್ರೋಡು ಚರ್ಮಕ್ಕೆ ಚೆನ್ನಾಗಿ ಅಂಟದಿದ್ದರೆ, ಇ.ಸಿ.ಜಿ.ಯ ಗೆರೆಯಲ್ಲಿ ಅದೇ ನಡುಕವಾಗಿ ಇಳಿಯುತ್ತದೆ. ಯಂತ್ರದಲ್ಲಿ ದೋಷವೇ ಇರುವುದಿಲ್ಲ. ವಾರ್ಡಿನ ಸಿಸ್ಟರನ್ನು ನಾಲ್ಕು ಮಾತು ಕೇಳಿದರೆ ತಿಳಿಯುವುದನ್ನು ಇಡೀ ಪೆಟ್ಟಿಗೆ ಬಿಚ್ಚಿ ಹುಡುಕುವವನು, ನಾಡಿ ನೋಡದೆ ಕತ್ತಿ ಹಿಡಿದ ವೈದ್ಯ.

ಆದ್ದರಿಂದ ನನ್ನ ತರಗತಿಯಲ್ಲಿ ‘ಕೆಟ್ಟಿದೆ’ ಎಂಬ ಪದವನ್ನು ನಿಷೇಧಿಸಿದೆ. ಕಂಡದ್ದೇನು, ಕೇಳಿದ್ದೇನು, ಎಂದಿನಿಂದ, ಯಾವ ಹೊತ್ತಿನಲ್ಲಿ ಎಂಬುದನ್ನು ಬರೆಯಬೇಕು. ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದ ಒಬ್ಬ ಹುಡುಗಿ ಹೀಗೆ ಬರೆದಳು: “ರಾತ್ರಿ ಪಾಳಿಯ ಸಿಸ್ಟರ್ ಹೇಳಿದಂತೆ, ಹಿತ್ತಲಿನ ಬೋರ್‌ವೆಲ್ ಮೋಟಾರು ಓಡುವಾಗ ಮಾತ್ರ ಗೆರೆ ನಡುಗುತ್ತದೆ.” ನಾನು ಪೂರ್ಣ ಅಂಕ ಕೊಟ್ಟೆ. ವಿಭಾಗದ ಮುಖ್ಯಸ್ಥರು, ಸರ್ಕ್ಯೂಟಿನ ಚಿತ್ರವಿಲ್ಲವೆಂದು, ಎರಡು ಅಂಕ ಕಳೆದರು.