ಕಾಲೇಜು ಸೇರುವ ತಮ್ಮ ತಂಗಿಯರಿಗೆ

(ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಹಾಗೂ ಅವರ ತಂದೆ ತಾಯಂದಿರ ಸಭೆಯಲ್ಲಿ ಆಡಿದ ಮಾತುಗಳ ಬರಹ)

ತಂಗಿಯರೇ, ತಮ್ಮಂದಿರೇ, ಒಂದು ದಿನದ ಕೂಲಿ ಬಿಟ್ಟು ಬಂದು ಕೂತಿರುವ ಅವ್ವಂದಿರೇ, ಅಪ್ಪಂದಿರೇ,

ಪಿಯುಸಿ ರಿಸಲ್ಟು ಬಂದ ದಿನ ಊರೊಳಗಿನ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಯಾವ ಕಾಲೇಜು? ಆ ಮನೆಗಳಲ್ಲಿ ಲೆಕ್ಚರರ್ ಆಗಿರುವ ಮಾವ ಒಬ್ಬ ಇರುತ್ತಾನೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪ ಒಬ್ಬ ಇರುತ್ತಾನೆ. ಅವರು ಕೂತು ಕಾಲೇಜುಗಳನ್ನು ಅಳೆದು ತೂಗುತ್ತಾರೆ. ಅದೇ ದಿನ ನಮ್ಮ ಕೇರಿಯಲ್ಲಿ ಏಳುವ ಮಾತೇ ಬೇರೆ. 'ಬಸ್ಸು ಯಾವೂರ್ಗಂಟ ಹೋಯ್ತದೆ?' 'ಫೀಜು ಎಷ್ಟಂತೆ?' 'ಇನ್ನೂ ಮೂರ್ ವರ್ಸವಾ?' ಬಸ್ಸು ಎಲ್ಲಿಗೆ ಹೋಗುತ್ತದೋ ಅದೇ ನಮ್ಮ ಕಾಲೇಜು. ಕೈಯಲ್ಲಿ ಎಷ್ಟು ದುಡ್ಡಿದೆಯೋ ಅದೇ ನಮ್ಮ ಕೋರ್ಸು. ಇದನ್ನು ಆಯ್ಕೆ ಅಂತ ಕರೆಯೋಕಾಗುತ್ತಾ? ಆಗೋದಿಲ್ಲ. ಹಾಗಾಗಿ ಆಯ್ಕೆ ಮಾಡುವುದನ್ನು ನಾವು ಕಲಿಯಬೇಕಾಗಿದೆ. ಇವತ್ತಿನ ಮಾತು ಅದರ ಬಗ್ಗೆ.

ನಾವು ಹೇಳಬೇಕೆಂದಿರುವುದು ಒಂದೇ. ಕಾಲೇಜಿನ ಹೆಸರು ಕೇಳುವ ಮುಂಚೆ, ಅಲ್ಲಿ ನಮ್ಮ ಮಗು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ, ಯಾರ ಜೊತೆ ಕೂತು ಓದುತ್ತದೆ ಅಂತ ಕೇಳಿ. ಕಾಲೇಜಿಗೆ ಮುಂಚೆ ಹಾಸ್ಟೆಲು.

ಇದು ನಮ್ಮ ತಲೆಯಿಂದ ಹುಟ್ಟಿದ ಮಾತಲ್ಲ. ಬಾಬಾಸಾಹೇಬರ ಬದುಕನ್ನೇ ನೋಡಿ. ಶಾಲೆಯಲ್ಲಿ ಸಂಸ್ಕೃತ ಕಲೀಬೇಕು ಅಂತ ಅವರಿಗೆ ಆಸೆ ಇತ್ತು. ಕಲಿಸಲಿಲ್ಲ. ಪಾರ್ಸಿ ಭಾಷೆ ತಗೊಂಡರು. ಬೊಂಬಾಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಮಾಡಿದರು. ಬರೋಡದ ಸಯಾಜಿರಾವ್ ಗಾಯಕವಾಡರು ಕೊಟ್ಟ ಸ್ಕಾಲರ್‌ಶಿಪ್ಪಿನಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾಕ್ಕೆ ಹೋದರು. ಇಷ್ಟೆಲ್ಲ ಓದಿ ಬಂದು 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರ್ ಆದಾಗಲೂ ಜೊತೆಯ ಪ್ರೊಫೆಸರುಗಳಿಗೆ ನೀರಿನ ಹೂಜಿಯದೇ ಚಿಂತೆ. ಈತ ಮುಟ್ಟಿದ ನೀರು ನಾವು ಹೇಗೆ ಕುಡಿಯೋದು ಅಂತ.

ಕಾಲೇಜಿನ ಒಳಹೊರಗನ್ನು ಹೀಗೆ ಮೈಮೇಲೆ ಅನುಭವಿಸಿದ ಮನುಷ್ಯ ತಾನೇ ಕಾಲೇಜು ಕಟ್ಟಲು ಹೊರಟಾಗ ಏನು ಮಾಡಿದರು? 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು. 1946ರಲ್ಲಿ ಬೊಂಬಾಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಅಲ್ಲಿ ಬೆಳಗಿನ ಹೊತ್ತು ಕ್ಲಾಸು ಇಟ್ಟರು. ಯಾಕೆ? ಕ್ಲಾಸು ಮುಗಿಸಿ ಹುಡುಗರು ಕೆಲಸಕ್ಕೆ ಹೋಗಬೇಕಲ್ಲ, ಅದಕ್ಕೆ. ದುಡಿಯುವವನ ಹೊತ್ತಿಗೆ ಕಾಲೇಜು ಹೊಂದಿಕೊಳ್ಳಬೇಕು ಅನ್ನುವುದು ಅವರ ಲೆಕ್ಕ. ಆಮೇಲೆ 1950ರಲ್ಲಿ, ಕಾಲೇಜುಗಳೇ ಅಪರೂಪವಾಗಿದ್ದ ಮರಾಠವಾಡದ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು ಶುರು ಮಾಡಿದರು. ಅದೇ ಮಿಲಿಂದ ಕಾಲೇಜು.

ಆ ಕಾಲೇಜಿನಿಂದ ಏನಾಯಿತು ಗೊತ್ತಾ? ಅಲ್ಲಿ ಪಾಠ ಹೇಳುತ್ತಿದ್ದ ಗಂಗಾಧರ ಪಾನತಾವಣೆಯವರು 'ಅಸ್ಮಿತಾದರ್ಶ' ಅನ್ನುವ ಪತ್ರಿಕೆ ನಡೆಸಿದರು. ಮರಾಠಿಯ ದಲಿತ ಸಾಹಿತ್ಯ ಬೆಳೆದದ್ದು ಅಂಥ ಪುಟಗಳಲ್ಲಿ. ಬೊಂಬಾಯಿಯ ವಡಾಲದಲ್ಲಿ ಸಿದ್ಧಾರ್ಥ ವಿಹಾರ ಅನ್ನುವ ಹಾಸ್ಟೆಲು. 1972ರಲ್ಲಿ ದಲಿತ್ ಪ್ಯಾಂಥರ್ಸ್ ಕಟ್ಟಿದ ಹುಡುಗರು ಕೂಡಿ ಮಾತಾಡಿದ ಜಾಗಗಳಲ್ಲಿ ಅದೂ ಒಂದು. ಹಾಸ್ಟೆಲು ಅಂದರೆ ಬರೀ ಮುದ್ದೆ ಸಾರು ಅಂತ ತಿಳಿಯಬೇಡಿ ಅಂತ ಇದನ್ನು ಹೇಳುತ್ತಿದ್ದೇವೆ.

ನಮ್ಮ ನಾಡಿನ ಕತೆಯೂ ಹೀಗೇ. 1973ರ ನವೆಂಬರ್ ತಿಂಗಳು ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಆಗ ಅವರು ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿ. ಅಷ್ಟಕ್ಕೇ ಊರೂರಲ್ಲಿ ಕಾಲೇಜು ಹುಡುಗರು ಬೀದಿಗಿಳಿದರು. ಏಟು ಬಿದ್ದದ್ದು ಯಾರ ಮೈಮೇಲೆ? ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರ ಮೈಮೇಲೆ. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆದರೆ ಆ ಏಟು ತಿಂದ ಹುಡುಗರು ಸುಮ್ಮನಾಗಲಿಲ್ಲ. ನಮ್ಮ ಅಪ್ಪ ಅವ್ವಂದಿರ ಬದುಕು ಈ ಪುಸ್ತಕಗಳಲ್ಲಿ ಎಲ್ಲಿದೆ ಅಂತ ಕೇಳಿದರು. ಭದ್ರಾವತಿಯಲ್ಲಿ ಕಾಲೇಜು ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರಂಥವರು ಮುಂದೆ ನಿಂತು ದಲಿತ ಸಂಘರ್ಷ ಸಮಿತಿ ಕಟ್ಟಿದರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂತು. ಇವತ್ತು ಅವರ ಬರಹ ಓದಿ ನಮ್ಮ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಹಾಸ್ಟೆಲಿನ ಹುಡುಗರು ಮಾಡಿದ ಕೆಲಸ ಎಷ್ಟು ದೊಡ್ಡದು ನೋಡಿ.

ಈಗ ಕೆಲಸದ ಮಾತಿಗೆ ಬರೋಣ. ಕಾಲೇಜು ನೋಡಲು ಹೋದಾಗ ಕೇಳಬೇಕಾದ ನಾಕು ಪ್ರಶ್ನೆಗಳಿವೆ. ಬರೆದುಕೊಳ್ಳಿ.

ಮೊದಲನೆಯದು, ಹಾಸ್ಟೆಲು. ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲು ಆ ಊರಿನಲ್ಲಿ ಇದೆಯಾ? ಕಾಲೇಜಿನಿಂದ ಎಷ್ಟು ದೂರ? ಅರ್ಜಿ ಯಾವಾಗ, ಕೊನೆಯ ದಿನ ಯಾವುದು? ಕಾಲೇಜಿಗೆ ಸೇರಿ, ಆಮೇಲೆ ಹಾಸ್ಟೆಲು ನೋಡಿದರಾಯಿತು ಅಂದುಕೊಂಡ ಹುಡುಗರ ಪಾಡು ನಾವು ಕಂಡಿದ್ದೇವೆ. ಅರ್ಜಿ ಹಾಕಿದವರಷ್ಟು ಸೀಟು ಇರೋದಿಲ್ಲ. ಸೀಟು ಸಿಗದೆ ರೂಮು ಹುಡುಕಲು ಹೊರಟರೆ ಮನೆ ಮಾಲೀಕ ಬಾಡಿಗೆ ಹೇಳುವ ಮುಂಚೆ ಕೇಳುವುದು, 'ನೀವು ಯಾವ ಪೈಕಿ?' ಹೇಳಿದರೆ, 'ಮೊನ್ನೇನೇ ಬೇರೆಯವರಿಗೆ ಕೊಟ್ಟುಬಿಟ್ಟೆವಲ್ಲ' ಅನ್ನುತ್ತಾನೆ. ಟು-ಲೆಟ್ ಬೋರ್ಡು ಮಾತ್ರ ಗೇಟಿನಲ್ಲೇ ನೇತಾಡುತ್ತಿರುತ್ತದೆ. ದಿನಾ ಊರಿನಿಂದ ಬಸ್ಸಿನಲ್ಲಿ ಓಡಾಡೋಣ ಅಂದರೆ ಬೆಳಗಿನ ಮೊದಲ ಪೀರಿಯಡ್ಡು ಹೋಯಿತು, ಸಂಜೆಯ ಲೈಬ್ರರಿ ಹೋಯಿತು. ಮೂರು ವರ್ಷ ಬಸ್ಸಿನಲ್ಲಿ ನಿಂತೇ ಡಿಗ್ರಿ ಮುಗಿಯುತ್ತದೆ.

ಎರಡನೆಯದು, ದುಡ್ಡು. ಸ್ಕಾಲರ್‌ಶಿಪ್ ಅಂದರೆ ಯಾರೋ ಕೊಡುವ ಭಿಕ್ಷೆ ಅಲ್ಲ. ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾದದ್ದು 1944ರಲ್ಲಿ. ಆಗ ಬಾಬಾಸಾಹೇಬರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದರು. 2021ರಲ್ಲಿ ಅದನ್ನು ಹೊಸದಾಗಿ ರೂಪಿಸಿ ಕೇಂದ್ರದ್ದು 100ಕ್ಕೆ 60, ರಾಜ್ಯದ್ದು 100ಕ್ಕೆ 40 ಅಂತ ಹಂಚಿದರು. ಹಣ ಬರುವುದು ಆಧಾರ್ ಜೋಡಿಸಿದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. ಆದ್ದರಿಂದ ಜಾತಿ, ಆದಾಯದ ಸರ್ಟಿಫಿಕೇಟು ನಾಡಕಚೇರಿಯಿಂದ ಈಗಲೇ ಮಾಡಿಸಿ. ಅದರಲ್ಲಿರುವ ಹೆಸರು, ಮಾರ್ಕ್ಸ್ ಕಾರ್ಡಿನ ಹೆಸರು, ಆಧಾರಿನ ಹೆಸರು ಮೂರೂ ಒಂದೇ ಇದೆಯಾ ನೋಡಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಹಣ ನಿಲ್ಲುತ್ತದೆ. ಇನ್ನೊಂದು, ಸ್ಕಾಲರ್‌ಶಿಪ್ ಕೈಗೆ ಬರುವುದು ತಡ. ಅದನ್ನು ನಂಬಿ ಜೂನ್ ತಿಂಗಳ ಖರ್ಚು ನಡೆಯೋದಿಲ್ಲ.

ಫೀಜಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಕಾಲೇಜುಗಳಲ್ಲಿ ಒಂದೇ ಕಾಂಪೌಂಡಿನೊಳಗೆ ಎರಡು ಬಗೆಯ ಕೋರ್ಸುಗಳು ಇರುತ್ತವೆ. ಒಂದಕ್ಕೆ ಸರ್ಕಾರದ ಅನುದಾನ ಉಂಟು, ಇನ್ನೊಂದಕ್ಕೆ ಇಲ್ಲ. ಕಾಲೇಜಿನ ಹೆಸರು ಒಂದೇ, ಫೀಜು ಮಾತ್ರ ಆಕಾಶ ಭೂಮಿ. ಯಾವುದಕ್ಕೆ ಸೇರಿಸಿಕೊಳ್ಳುತ್ತಿದ್ದಾರೆ ಅಂತ ಕೇಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ. ಮೂಲ ಮಾರ್ಕ್ಸ್ ಕಾರ್ಡನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ, ನೋಡಿ ವಾಪಸ್ಸು ಕೊಡಬೇಕು ಅಂತ ಯುಜಿಸಿ 2018ರಲ್ಲೇ ಆದೇಶ ಹೊರಡಿಸಿತು. ಕೌಂಟರಿನಲ್ಲಿ ನಿಂತಾಗ ನೆನಪಿರಲಿ.

ಮೂರನೆಯದು, ಏನು ಓದುವುದು. 'ಆರ್ಟ್ಸ್ ಓದಿ ಏನ್ ಮಾಡೀಯೆ?' ಅಂತ ಎಲ್ಲರೂ ಕೇಳುತ್ತಾರೆ. ಸೈನ್ಸು ಓದುವ ಆಸೆ ಇರುವ ಹುಡುಗಿ ಸೈನ್ಸೇ ಓದಲಿ. ಲ್ಯಾಬು ಇದೆಯಾ, ಲ್ಯಾಬಿನಲ್ಲಿ ಸಾಮಾನು ಇದೆಯಾ ನೋಡಿ ಸೇರಲಿ. ಆದರೆ ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದುವವನು ದಡ್ಡ ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಬಾಬಾಸಾಹೇಬರು ಓದಿದ್ದೂ ಅರ್ಥಶಾಸ್ತ್ರವೇ. ನಮ್ಮ ಇತಿಹಾಸವನ್ನು ನಾವು ಓದದಿದ್ದರೆ ಬೇರೆಯವರು ಬರೆದದ್ದೇ ಗತಿ. ಯಾವುದನ್ನೇ ಓದಲಿ, ಓದುವವರು ಆರಿಸಿಕೊಂಡದ್ದಾಗಿರಲಿ. ಅಡ್ಮಿಷನ್ ಕೌಂಟರಿನ ಗುಮಾಸ್ತ ಕೂತಲ್ಲೇ ಬರೆದು ಕೊಟ್ಟದ್ದಾಗಬಾರದು.

ನಾಕನೆಯದು, ಪಾಠ. ಕಾಲೇಜಿನ ಗೇಟು, ಗಾರ್ಡನ್ನು ನೋಡಬೇಡಿ. ಅಲ್ಲಿ ಎರಡನೇ ವರ್ಷ ಓದುತ್ತಿರುವ ನಮ್ಮ ಹುಡುಗನೊಬ್ಬನನ್ನು ಹಿಡಿದು ಒಂದು ಟೀ ಕುಡಿಸಿ ಕೇಳಿ. ಮೇಷ್ಟರುಗಳಿದ್ದಾರಾ? ಅತಿಥಿ ಉಪನ್ಯಾಸಕರು ಬರುವುದು ಯಾವ ತಿಂಗಳಿಗೆ? ಲೈಬ್ರರಿಯಲ್ಲಿ ಪುಸ್ತಕ ಮನೆಗೆ ಕೊಡುತ್ತಾರಾ, ಬೀರುವಿನಲ್ಲೇ ಬೀಗ ಹಾಕಿ ಇಟ್ಟಿದ್ದಾರಾ? ಆ ಹುಡುಗ ಹೇಳುವುದೇ ನಿಜವಾದ ಪ್ರಾಸ್ಪೆಕ್ಟಸ್ಸು.

ಸರಿ, ಸೇರಿದಿರಿ. ಒಳಗಿನ ಬದುಕು ಹೇಗಿರುತ್ತದೆ?

ಮುಚ್ಚಿಡದೆ ಹೇಳುತ್ತೇವೆ. ಮೊದಲ ತಿಂಗಳು ಕಷ್ಟ. ನಮ್ಮಲ್ಲಿ ಒಂದು ಕಾಲೇಜಿನಲ್ಲಿ ಗುಮಾಸ್ತರು ಕ್ಲಾಸಿನ ಬಾಗಿಲಲ್ಲಿ ನಿಂತು, 'ಎಸ್‌ಸಿ ಹುಡುಗರೆಲ್ಲ ಎದ್ದು ನಿಲ್ಲಿ, ಸ್ಕಾಲರ್‌ಶಿಪ್ ಫಾರಮ್ಮು' ಅಂತ ಕೂಗಿದರು. ನಾವು ಎದ್ದು ನಿಂತೆವು. ಎಂಬತ್ತು ಜನ ತಿರುಗಿ ನೋಡಿದರು. ಆವತ್ತಿನವರೆಗೆ ಪಕ್ಕದಲ್ಲಿ ಕೂರುತ್ತಿದ್ದವನೊಬ್ಬ ಮಾರನೇ ದಿನ ಬೇರೆ ಬೆಂಚಿಗೆ ಹೋದ. ಏನೂ ಬೈಯಲಿಲ್ಲ, ಜಗಳ ಮಾಡಲಿಲ್ಲ. ಸುಮ್ಮನೆ ಜಾಗ ಬದಲಾಯಿಸಿದ. ಕಾಲೇಜಿನಲ್ಲಿ ಜಾತಿ ಬರುವುದು ಹೀಗೆ, ಚಪ್ಪಲಿ ಬಿಟ್ಟು ಸದ್ದಿಲ್ಲದೆ ಬರುತ್ತದೆ.

ನಾವು ಹಾಸ್ಟೆಲಿನ ಐದಾರು ಜನ ಸೇರಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದೆವು. ಹೆಸರುಗಳನ್ನು ಕೂಗಬೇಡಿ, ಆಫೀಸಿನಲ್ಲಿ ಫಾರಂ ಕೊಡಿ ಅಂತ. ಒಬ್ಬನೇ ಬರೆದಿದ್ದರೆ ಬುಟ್ಟಿಗೆ ಹೋಗುತ್ತಿತ್ತು. ಆರು ಸಹಿ ಇದ್ದದ್ದಕ್ಕೆ ಮುಂದಿನ ವರ್ಷದಿಂದ ಕೂಗುವುದು ನಿಂತಿತು. ಸಣ್ಣ ವಿಷಯ ಅನ್ನಬೇಡಿ. ನಮ್ಮ ಹಿಂದೆ ಬಂದ ಹುಡುಗಿಯರು ತಲೆ ತಗ್ಗಿಸದೆ ಆ ಕ್ಲಾಸಿನಲ್ಲಿ ಕೂತರು.

ಇಂಗ್ಲಿಷಿನ ಭಯ ಇನ್ನೊಂದು. ಅದು ಬರದಿದ್ದರೆ ಬುದ್ಧಿ ಇಲ್ಲ ಅಂತಲ್ಲ. ಹಾಸ್ಟೆಲಿನಲ್ಲಿ ರಾತ್ರಿ ಊಟ ಆದಮೇಲೆ ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಅರ್ಥ ಹೇಳುವುದು, ಹೀಗೆ ದಿನಕ್ಕೆ ಒಂದು ಪುಟ ಮಾಡಿದೆವು. ವರ್ಷಕ್ಕೆ ಒಂದು ಪುಸ್ತಕವೇ ಆಯಿತು. ಕವಿತೆ ಬರೆಯುವವರು, ತಮಟೆ ಬಡಿಯುವವರು, ಲೆಕ್ಕ ಬಲ್ಲವರು ಎಲ್ಲರೂ ಒಂದೇ ಚಾಪೆ ಮೇಲೆ. ಹೊಲೆಯ, ಮಾದಿಗ ಅಂತ ಊರಿನಲ್ಲಿ ಬೇರೆ ಬೇರೆ ಕೇರಿಯಲ್ಲಿದ್ದವರು ಒಂದೇ ಪಂಕ್ತಿಯಲ್ಲಿ ಉಂಡದ್ದೂ ಅಲ್ಲೇ. ಸಾರು ನೀರಾಗಿತ್ತು, ನಿಜ. ಅದಕ್ಕೂ ಅರ್ಜಿ ಬರೆದೆವು.

ಈಗ ಒಂದು ನೋವಿನ ಮಾತು. 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾನಿಲಯದ ರೋಹಿತ್ ವೇಮುಲ ಜೀವ ಬಿಟ್ಟ. ಅದಕ್ಕೆ ಮುಂಚೆ ಅವನನ್ನೂ ಅವನ ಗೆಳೆಯರನ್ನೂ ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಹಾಸ್ಟೆಲು ಯಾಕೆ ಮೊದಲು ಅಂತ ನಾವು ಹೇಳುತ್ತಿದ್ದೇವಲ್ಲ, ಇದನ್ನು ನೆನೆದರೆ ಅರ್ಥವಾಗುತ್ತದೆ. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಡಾಕ್ಟರಿಕೆ ಓದುತ್ತಿದ್ದ ಆದಿವಾಸಿ ಹುಡುಗಿ ಪಾಯಲ್ ತಡವಿ ಹೋದಳು. ಇವರಿಬ್ಬರ ತಾಯಂದಿರು ಅದೇ ವರ್ಷ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ತಮ್ಮ ಮಕ್ಕಳು ಹೋದರು, ಬೇರೆಯವರ ಮಕ್ಕಳಾದರೂ ಉಳಿಯಲಿ ಅಂತ. ಕಾಲೇಜುಗಳಲ್ಲಿ ಸಮಾನ ಅವಕಾಶದ ಕೋಶ ಇರಬೇಕು, ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು? ಸೇರಿದ ಮೊದಲ ವಾರವೇ ಹೆಸರು ಕೇಳಿ ತಿಳಿದುಕೊಳ್ಳಿ. ಕೇಳುವವರು ಇದ್ದಾರೆ ಅಂತ ಗೊತ್ತಾದರೇ ಅರ್ಧ ಕೆಲಸ ಆಗುತ್ತದೆ.

ತಮ್ಮಾ, ತಂಗೀ, ಒಂಟಿಯಾಗಿ ಮಾತ್ರ ಇರಬೇಡಿ. ಮನಸ್ಸು ಕುಗ್ಗಿದ ದಿನ ರೂಮಿನ ಬಾಗಿಲು ಹಾಕಿಕೊಳ್ಳಬೇಡಿ. ಪಕ್ಕದ ರೂಮಿನವನನ್ನು ಎಬ್ಬಿಸಿ, ಮನೆಗೆ ಫೋನು ಮಾಡಿ, ನಮಗೆ ಫೋನು ಮಾಡಿ. ನಿಮ್ಮ ಜೀವಕ್ಕಿಂತ ದೊಡ್ಡ ಡಿಗ್ರಿ ಯಾವುದೂ ಇಲ್ಲ.

ಅವ್ವಂದಿರೇ, ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. 'ಹತ್ರದಲ್ಲೇ ಇದ್ರೆ ಓದ್ಲಿ, ದೂರ ಆದ್ರೆ ಬ್ಯಾಡ' ಅನ್ನುತ್ತೀರಿ. ನಿಮ್ಮ ಭಯ ಸುಳ್ಳಲ್ಲ. ಆದರೆ ಗಂಡುಮಗನಿಗೆ ಆಯ್ಕೆ, ಹೆಣ್ಣುಮಗಳಿಗೆ ಬಸ್ಸು ಅನ್ನುವುದು ನ್ಯಾಯವಲ್ಲ. ಹೋಗಿ ಹುಡುಗಿಯರ ಹಾಸ್ಟೆಲು ನಿಮ್ಮ ಕಣ್ಣಾರೆ ನೋಡಿ. ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರಾ, ಬಚ್ಚಲಿಗೆ ಚಿಲಕ ಇದೆಯಾ, ಕಾಲೇಜಿನ ದಾರಿಯಲ್ಲಿ ದೀಪ ಇದೆಯಾ ಕೇಳಿ. ಜೋತಿಬಾ, ಸಾವಿತ್ರಿಬಾಯಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1848ರಲ್ಲಿ. ಅಲ್ಲಿಂದ ನಡೆದು ಬಂದ ದಾರಿಯನ್ನು ನಮ್ಮ ಮನೆ ಬಾಗಿಲಲ್ಲಿ ನಿಲ್ಲಿಸುವುದು ಬೇಡ.

ಕೊನೆಗೆ, ಈಗಾಗಲೇ ಓದಿ ಕೆಲಸ ಹಿಡಿದವರಿಗೆ ನಮ್ಮ ಬೇಡಿಕೆ. ಊರೊಳಗಿನವರಿಗೆ ಮಾವ ಇದ್ದಾನೆ, ಚಿಕ್ಕಪ್ಪ ಇದ್ದಾನೆ ಅಂದೆವಲ್ಲ. ಕೇರಿಯ ಮಕ್ಕಳಿಗೆ ಆ ಮಾವ, ಆ ಚಿಕ್ಕಪ್ಪ ನೀವೇ ಆಗಬೇಕು. ರಿಸಲ್ಟು ಬಂದ ವಾರ ಎರಡು ದಿನ ರಜೆ ಹಾಕಿ ಊರಿಗೆ ಬನ್ನಿ. ಒಬ್ಬೊಬ್ಬರು ನಾಕು ಮಕ್ಕಳ ಅರ್ಜಿ ತುಂಬಿಸಿ. ಅವರ ಜೊತೆ ಕೌಂಟರಿನವರೆಗೆ ಹೋಗಿ ನಿಲ್ಲಿ. ಬರುವ ಭಾನುವಾರದಿಂದ ನಾವು ಇದೇ ಜಾಗದಲ್ಲಿ ಅರ್ಜಿ ತುಂಬಲು ಕೂರುತ್ತೇವೆ. ಸರ್ಟಿಫಿಕೇಟುಗಳ ಜೆರಾಕ್ಸು, ಎರಡು ಫೋಟೋ, ಒಂದು ಪೆನ್ನು ತನ್ನಿ.

ಜೈ ಭೀಮ್.