ತಿಥಿಯಿಲ್ಲದ ಸಾವು, ನೆನಪಿನೊಡನೆ ಮುಪ್ಪು

ತೀರಿಕೊಂಡವರ ತಿಥಿಯಂದು ದೀಪ ಹಚ್ಚಿಟ್ಟು ಕದ್ದಿಶ್ ಪ್ರಾರ್ಥನೆ ಹೇಳುವುದು ಯಹೂದಿ ಮನೆಗಳ ವಾಡಿಕೆ. ನಾತ್ಸಿ ಜರ್ಮನಿ ಮತ್ತು ಅದರ ಜೊತೆಗಾರರು ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಬಹಳ ಮಂದಿ ಯಾವ ದಿನ ಸತ್ತರೆಂಬುದೇ ಉಳಿದವರಿಗೆ ತಿಳಿಯಲಿಲ್ಲ. ಹಾಗಾಗಿ ಇಸ್ರೇಲಿನ ಮುಖ್ಯ ಧರ್ಮಗುರುಗಳ ಪೀಠ ಹೀಬ್ರೂ ಪಂಚಾಂಗದ ಟೇವೆಟ್ ಮಾಸದ 10ನೆಯ ದಿನವನ್ನು ಅಂಥವರೆಲ್ಲರ ತಿಥಿಯೆಂದು ಗೊತ್ತುಮಾಡಿತು.

ದಿನ ಸಿಗದಿದ್ದರೂ ಹೆಸರನ್ನು ಉಳಿಸುವ ಕೆಲಸ ಜೆರುಸಲೇಮಿನ ಯಾದ್ ವಾಶೆಮ್‌ನದು. 1953ರ ಕಾಯಿದೆಯಿಂದ ಸ್ಥಾಪನೆಯಾದ ಈ ಸಂಸ್ಥೆಯ ಸಾಕ್ಷ್ಯಪತ್ರ ಒಂದೇ ಹಾಳೆಯದು: ಸತ್ತವರ ಹೆಸರು, ತಂದೆತಾಯಿ, ಹುಟ್ಟಿದ ಊರು, ಕಸುಬು, ಹಾಳೆ ತುಂಬಿದವರಿಗೆ ಅವರೊಡನಿದ್ದ ಸಂಬಂಧ. ಮನೆಮಂದಿಯೆಲ್ಲ ಒಟ್ಟಿಗೆ ಹೋದ ಕಡೆ ತುಂಬುವವರೇ ಇರಲಿಲ್ಲ. ಸಾಗಹಾಕಿದವರ ಪಟ್ಟಿ ಮೊದಲಾದ ದಾಖಲೆಗಳನ್ನೂ ಜಾಲಾಡಿದ ಮೇಲೆ ಸುಮಾರು 50 ಲಕ್ಷ ಹೆಸರು ಸಿಕ್ಕಿವೆ.

ಬದುಕುಳಿದವರ ಪರವಾಗಿ ಪರಿಹಾರ ಕೇಳಲು 1951ರಲ್ಲಿ ಹುಟ್ಟಿದ ಕ್ಲೇಮ್ಸ್ ಕಾನ್ಫರೆನ್ಸ್, 2024ರ ಆರಂಭದಲ್ಲಿ ಒಂದು ಲೆಕ್ಕ ಕೊಟ್ಟಿತು. 90ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 2,45,000 ಮಂದಿ. ಹೆಚ್ಚುಕಡಿಮೆ ಅರ್ಧದಷ್ಟು ಜನ ಇಸ್ರೇಲಿನಲ್ಲಿ. ಆಗಲೇ ಅರ್ಧಕ್ಕರ್ಧ ಮಂದಿಗೆ 86 ದಾಟಿತ್ತು. ಇಂದು ಉಳಿದವರಲ್ಲಿ ಬಹುಪಾಲು ಜನ ಅಂದು ಮಕ್ಕಳು.

ಅವರ ಆರೈಕೆ ಸಾಮಾನ್ಯ ವೃದ್ಧರ ಆರೈಕೆಯಂತಲ್ಲ. ಶವರ್ ಕೋಣೆ, ಸಮವಸ್ತ್ರ, ನಾಯಿಯ ಬೊಗಳು, ಊಟಕ್ಕೆ ಸಾಲು, ತೋಳಿನಲ್ಲಿ ಸೂಜಿ: ಆಸ್ಪತ್ರೆಗೆ ಇವು ದಿನಚರಿ, ನಾತ್ಸಿ ಶಿಬಿರ ಕಂಡವರಿಗೆ ಶಿಬಿರ. ದಿಂಬಿನಡಿ ಬ್ರೆಡ್ಡಿನ ತುಂಡು ಬಚ್ಚಿಡುವ ಅಜ್ಜಿಯನ್ನು ಕೊಳಕೆಂದು ಗದರುವುದು ಸುಲಭ. ಹಸಿವಿನ ಚರಿತ್ರೆ ಬಲ್ಲ ಆರೈಕೆದಾರರು ಅದನ್ನು ಎತ್ತಿ ಎಸೆಯುವುದಿಲ್ಲ, ಮುಚ್ಚಳವಿರುವ ಡಬ್ಬಿ ಕೊಡುತ್ತಾರೆ. ಮರೆವಿನ ಕಾಯಿಲೆ ಬಂದವರ ಪಾಡು ಇನ್ನೂ ಕಠಿಣ. ನಿನ್ನೆ ಮೊನ್ನೆಯದು ಮೊದಲು ಅಳಿಸುತ್ತದೆ, ಬಾಲ್ಯ ಉಳಿಯುತ್ತದೆ. ಎಪ್ಪತ್ತು ವರ್ಷ ಕಟ್ಟಿಕೊಂಡ ಸಂಸಾರ ಮಸುಕಾಗಿ ಭಯವೊಂದೇ ನಿಚ್ಚಳವಾಗಬಹುದು. ಆಮೇಲೆ ಕಲಿತ ಭಾಷೆಯೂ ಜಾರಿ, ಯಿಡ್ಡಿಷ್ ಅಥವಾ ಪೋಲಿಷ್ ಮಾತ್ರ ಬಾಯಿಗೆ ಬರುತ್ತದೆ. ಟೊರಾಂಟೊದ ಬೇಕ್ರೆಸ್ಟ್ ಸಂಸ್ಥೆ ಈ ಬಗ್ಗೆ ಕೈಪಿಡಿಯನ್ನೇ ತಂದಿದೆ. ಇಸ್ರೇಲಿನಲ್ಲಿ 1987ರಿಂದ ಆಮ್ಖಾ ಸಂಸ್ಥೆ ಮನಸ್ಸಿನ ಆರೈಕೆ ನೋಡಿಕೊಳ್ಳುತ್ತಿದೆ.

ಈ ಆರೈಕೆಯ ಹಣದ ಮೂಲ 1952ರ ಲಕ್ಸಂಬರ್ಗ್ ಒಪ್ಪಂದ. ಪಶ್ಚಿಮ ಜರ್ಮನಿ ಇಸ್ರೇಲಿಗೆ 300 ಕೋಟಿ ಮಾರ್ಕ್, ಕ್ಲೇಮ್ಸ್ ಕಾನ್ಫರೆನ್ಸಿಗೆ 45 ಕೋಟಿ ಮಾರ್ಕ್ ಕೊಡಲು ಒಪ್ಪಿತು. ರಕ್ತಕ್ಕೆ ಬೆಲೆ ಕಟ್ಟುವುದೇ ಎಂದು ಸಿಟ್ಟಿಗೆದ್ದವರು ಅದಕ್ಕೂ ಮುಂಚೆ ಜೆರುಸಲೇಮಿನ ಸಂಸತ್ತಿಗೆ ಕಲ್ಲು ತೂರಿದ್ದರು; ಆ ಸಿಟ್ಟು ಅರ್ಥವಾಗದ್ದೇನಲ್ಲ. ಆದರೂ ಮುಂದಿನ ಮಾತುಕತೆಗಳಿಂದ ಬಂದ ಹಣವೇ ಇಂದು ಅನೇಕರಿಗೆ ಸ್ನಾನ ಮಾಡಿಸಲು, ಅಡುಗೆಗೆ, ಮಾತಾಡಿಸಲು ಮನೆಗೆ ಬರುವವರ ಸಂಬಳ.

ಸ್ಮರಣೆಯೂ ಆರೈಕೆಯೂ ಒಂದಕ್ಕೊಂದು ತೊಡಕಾಗುವುದೂ ಉಂಟು. ಸಮಾಜ ನೆನೆಯಿರಿ, ಹೇಳಿರಿ ಎನ್ನುತ್ತದೆ; ಆರೈಕೆ ಮಾಡುವವರು ನೆನಪು ಕೆದಕುವುದನ್ನೆಲ್ಲ ದೂರವಿಡಬೇಕಾಗುತ್ತದೆ. ನಿಸಾನ್ ಮಾಸದ ಸ್ಮರಣ ದಿನ ಬೆಳಗ್ಗೆ 10ಕ್ಕೆ ಇಸ್ರೇಲಿನಾದ್ಯಂತ ಎರಡು ನಿಮಿಷ ಸೈರನ್ ಕೂಗುತ್ತದೆ, ಹೆದ್ದಾರಿಯ ವಾಹನಗಳೂ ನಿಲ್ಲುತ್ತವೆ. ಮರೆವಿಗೆ ಸಿಕ್ಕ ವೃದ್ಧರ ಕಿವಿಗೆ ಅದು ಗೌರವದ ಮೌನವಲ್ಲ, ಬರೀ ಸೈರನ್. ಅಂದು ಅವರ ಮಂಚದ ಪಕ್ಕ ಕೈ ಹಿಡಿದು ಕೂರಲು, 10 ಗಂಟೆಗೆ ಮುಂಚೆಯೇ ಒಬ್ಬರು ಬಂದಿರಬೇಕು.