ಶ್ವಾಸಕೋಶದಲ್ಲಿ ಗಂಟು ಕಂಡುಬಂದಾಗ



ಎದೆಯ ಎಕ್ಸ್-ರೇ ಚಿತ್ರದಲ್ಲಿ ಗಂಟೊಂದು ಕಂಡುಬಂದಿದೆ ಎಂದೊಡನೆ ಕೆಲವರು ಅದು ಕ್ಯಾನ್ಸರೇ ಎಂದು ಧೃತಿಗೆಡುತ್ತಾರೆ. ಮತ್ತೆ ಕೆಲವರು ನೋವಿಲ್ಲವೆಂದು ಸುಮ್ಮನಾಗುತ್ತಾರೆ. ಇವೆರಡೂ ಸರಿಯಲ್ಲ.

ಇಂತಹ ಚಿಕ್ಕ ಗಂಟುಗಳಲ್ಲಿ ಹೆಚ್ಚಿನವು ನಿರಪಾಯವಾದವು. ಕ್ಷಯರೋಗ ವಾಸಿಯಾದ ಮೇಲೆ ಉಳಿಯುವ ಕಲೆಯೂ ಹೀಗೆಯೇ ಕಾಣುವುದುಂಟು. ಹಾಗಾದರೆ ವೈದ್ಯರು ಭೇದವನ್ನು ಅರಿಯುವುದು ಹೇಗೆ?

ಎಕ್ಸ್-ರೇ ಚಿತ್ರದಲ್ಲಿ 1 ಸೆಂಟಿಮೀಟರಿಗಿಂತ ಸಣ್ಣ ಗಂಟು ಅನೇಕ ವೇಳೆ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಎದೆಯನ್ನು ಪದರ ಪದರವಾಗಿ ತೋರಿಸುವುದರಿಂದ ಕೆಲವೇ ಮಿಲಿಮೀಟರಿನ ಗಂಟೂ ಗೋಚರಿಸುತ್ತದೆ. ಗಂಟಿನ ನಟ್ಟನಡುವೆ ಅಥವಾ ಇಡೀ ಗಂಟಿನಲ್ಲಿ ಸುಣ್ಣದ ಅಂಶ ಕಟ್ಟಿದ್ದರೆ ಅದು ಬಹುಮಟ್ಟಿಗೆ ನಿರಪಾಯ. ಅಂಚಿನಿಂದ ಮುಳ್ಳಿನಂತಹ ಎಳೆಗಳು ಹೊರಟಿದ್ದರೆ ಸಂಶಯಪಡಬೇಕು. ಸಂಶಯ ಬಲವಾದಲ್ಲಿ ಸೂಜಿಯಿಂದ ತುಣುಕನ್ನು ತೆಗೆದು ಪರೀಕ್ಷಿಸಲಾಗುತ್ತದೆ.

ಬೆಳವಣಿಗೆಯು ಮತ್ತೊಂದು ಮುಖ್ಯ ಸುಳಿವು. ಕ್ಯಾನ್ಸರ್ ಗಂಟಿನ ಗಾತ್ರವು ಸಾಮಾನ್ಯವಾಗಿ 400 ದಿನಗಳೊಳಗೆ ಇಮ್ಮಡಿಯಾಗುತ್ತದೆ. ಆದರೆ ಗಾತ್ರ ಇಮ್ಮಡಿಯಾದರೂ 10 ಮಿಲಿಮೀಟರ್ ಅಗಲದ ಗಂಟು ಸುಮಾರು 12.6 ಮಿಲಿಮೀಟರ್ ಮಾತ್ರ ಆಗುತ್ತದೆ. ಇದು ಬರಿಯ ಅಂದಾಜಿಗೆ ಸಿಕ್ಕುವುದಲ್ಲ. ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಅಳೆಯಬೇಕು. ಗಟ್ಟಿಯಾದ ಗಂಟು ಎರಡು ವರ್ಷ ಬೆಳೆಯದಿದ್ದರೆ ಅದನ್ನು ಸಾಮಾನ್ಯವಾಗಿ ನಿರಪಾಯವೆಂದೇ ಎಣಿಸಲಾಗುತ್ತದೆ. ಮಸುಕು ಮಸುಕಾದ ಗಂಟುಗಳಿಗೆ ಇನ್ನೂ ಹೆಚ್ಚು ಕಾಲದ ನಿಗಾ ಬೇಕು.

ಬೀಡಿ ಸೇದುವ ರೈತರೊಬ್ಬರಿಗೆ ಗಂಟು ಕಂಡಾಗ, ಅವರ ಪತ್ನಿಯು ಮೂರು ವರ್ಷದ ಹಿಂದಿನ ಫಿಲಮನ್ನು ಟ್ರಂಕಿನಿಂದ ಹುಡುಕಿ ತಂದರು. ಎರಡನ್ನೂ ಬೆಳಕಿಗೆ ಹಿಡಿದು ನೋಡಿದೆವು. ಗಂಟು ಅಷ್ಟೇ ಇತ್ತು. ಸೂಜಿಯ ಪರೀಕ್ಷೆ ತಪ್ಪಿತು. ಮತ್ತೊಬ್ಬರಿಗೆ ಮೂರು ತಿಂಗಳಿಗೆ ಬರಲು ತಿಳಿಸಿದ್ದೆ. ಸುಗ್ಗಿ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಅವರು ಒಂದೂವರೆ ವರ್ಷದ ಮೇಲೆ ಬಂದರು. ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು.

ಆದುದರಿಂದ ಈ ಮಾತುಗಳನ್ನು ಮನಸ್ಸಿನಲ್ಲಿಡಿ:

1. ಎಕ್ಸ್-ರೇ, ಸ್ಕ್ಯಾನ್ ಫಿಲಂಗಳನ್ನು ಎಸೆಯಬೇಡಿ. ಪಡಿತರ ಚೀಟಿಯಂತೆ ಜೋಪಾನವಾಗಿಟ್ಟು, ಪ್ರತಿ ಸಲವೂ ತನ್ನಿ.

2. ಬೀಡಿ, ಸಿಗರೇಟು ಸೇದುವುದನ್ನು ವೈದ್ಯರಲ್ಲಿ ಮರೆಮಾಚದಿರಿ, ಇಂದೇ ಬಿಡಿ.

3. ಮುಟ್ಟು ನಿಂತಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ತಾಯಂದಿರು ಚಿತ್ರ ತೆಗೆಯುವ ಮೊದಲೇ ತಿಳಿಸಬೇಕು.

4. ಮರುಪರೀಕ್ಷೆಯ ದಿನವನ್ನು ಪತಿ ಪತ್ನಿಯರಿಬ್ಬರೂ ನೆನಪಿಡಿ. ಒಬ್ಬರು ಮರೆತರೆ ಮತ್ತೊಬ್ಬರು ಕರೆತನ್ನಿ.

ಗಂಟು ಕಂಡ ದಿನ ಭಯಪಡಬೇಡಿ. ಗೊತ್ತಾದ ದಿನ ತಪ್ಪಿಸಬೇಡಿ.